ಮಗ ಒಡೆಯನಾದರೆ ಮಗಳು ಏನಾಗಬೇಕು?

ಪ್ರಶ್ನೆ: ನನಗೀಗ ಏಳು ತಿಂಗಳು. ನಮ್ಮ ಯಜಮಾನರು ಗಂಡು ಮಗುವಿಗೆಂದು ಹೆಸರುಗಳ ಪಟ್ಟಿ ಮಾಡಿಟ್ಟಿದ್ದಾರೆ: ಸುರೇಂದ್ರ, ಅಡೋನಿಸ್, ಸಿರಿಲ್, ಡೊಮಿನಿಕ್, ಟಿಯರ್ನನ್, ಕಿಂಗ್... ಯಾವ ನಾಡಿನ ಹೆಸರಾದರೂ ಸರಿ, ಅರ್ಥ ‘ಒಡೆಯ’ ಎಂದೇ ಬರಬೇಕು. ಕಚೇರಿಯಲ್ಲಿ ವರ್ಷಗಟ್ಟಲೆ ಕೈಕಟ್ಟಿ ನಿಂತವನು ನಾನು, ನನ್ನ ಮಗ ಹಾಗಾಗಬಾರದು ಎನ್ನುತ್ತಾರೆ. ‘ಹೆಣ್ಣಾದರೆ?’ ಎಂದು ಕೇಳಿದೆ. ‘ನಿನಗೆ ತೋಚಿದ್ದು ಇಡು’ ಎಂದರು. ಅಂದಿನಿಂದ ಆ ಪಟ್ಟಿ ಕಂಡರೆ ಸಿಟ್ಟು ಬರುತ್ತದೆ. ಬರೀ ಹೆಸರಿಗಾಗಿ ಇಷ್ಟು ಬೇಸರಪಡುವುದು ನನ್ನ ಸಣ್ಣತನವೇ?

ಉತ್ತರ: ಖಂಡಿತ ಅಲ್ಲ. ‘ನಿನಗೆ ತೋಚಿದ್ದು ಇಡು’ ಎಂಬ ಮಾತು ಮೇಲ್ನೋಟಕ್ಕೆ ಔದಾರ್ಯದಂತೆ ಕೇಳಿಸುತ್ತದೆ. ಒಳಗಿನ ಲೆಕ್ಕವೇ ಬೇರೆ. ಗಂಡಾದರೆ ಜಗತ್ತಿನ ಭಾಷೆಗಳನ್ನೆಲ್ಲ ಜಾಲಾಡಬೇಕು, ಹೆಣ್ಣಾದರೆ ಅಷ್ಟೆಲ್ಲ ಯಾಕೆ? ಇನ್ನೂ ಹುಟ್ಟದ ಮಗಳ ಪರವಾಗಿ ನಿಮಗೆ ನೋವಾಗಿದೆ. ಇದನ್ನು ಅವರಿಗೆ ಬಿಡಿಸಿ ಹೇಳಿದ್ದೀರಾ? ನಿಮ್ಮ ಪತ್ರ ಓದಿದರೆ ಹೇಳಿದಂತೆ ಕಾಣುವುದಿಲ್ಲ. ನೀವು ಮುಖ ತಿರುಗಿಸಿದ್ದೀರಿ, ಅವರು ಹೆಸರು ಹಿಡಿಸಲಿಲ್ಲವೆಂದುಕೊಂಡು ಇನ್ನೆರಡು ಸೇರಿಸಿರಬೇಕು.

ಅವರ ಆಸೆಯನ್ನು ನಾನು ಹಗುರವಾಗಿ ಕಾಣಲಾರೆ. ತಾನು ನುಂಗಿದ ಅವಮಾನ ಮಗುವಿಗೆ ತಟ್ಟದಿರಲಿ ಎಂದು ಬಯಸುವುದರಲ್ಲಿ ತಪ್ಪೇನಿಲ್ಲ. ಆದರೆ ಆ ಕೆಲಸ ಹೆಸರಿನಿಂದ ಆಗುವಂಥದ್ದಲ್ಲ. ಕರೆದು ಕರೆದು ಅರ್ಥ ಬಲುಬೇಗ ಸವೆದುಹೋಗುತ್ತದೆ. ಸುರೇಂದ್ರ ಎಂದು ಕೂಗುವಾಗ ದೇವತೆಗಳ ಒಡೆಯನನ್ನು ಯಾರು ನೆನೆಯುತ್ತಾರೆ? ಹೆನ್ರಿ ಎಂದರೆ ಮನೆಯನ್ನು ಆಳುವವನು, ಹೆರಾಲ್ಡ್ ಸೈನ್ಯವನ್ನು, ಡೊನಾಲ್ಡ್ ಇಡೀ ಜಗತ್ತನ್ನು. ಜಗತ್ತನ್ನು ಆಳಬೇಕಾದ ಎಷ್ಟೋ ಡೊನಾಲ್ಡರು ರಜೆಯ ಅರ್ಜಿ ಹಿಡಿದು ಮೇಲಧಿಕಾರಿಯ ಬಾಗಿಲಲ್ಲಿ ನಿಂತಿರುತ್ತಾರೆ.

ಪಟ್ಟಿಯನ್ನೇ ನೋಡೋಣ. ಅಡೋನಿಸ್‌ನ ಬೇರು ‘ಒಡೆಯ’ ಎಂಬ ಸೆಮಿಟಿಕ್ (ಹೀಬ್ರೂ, ಅರಬ್ಬಿಗಳ ಭಾಷಾಕುಟುಂಬದ) ಪದ, ನಿಜ. ಗ್ರೀಕ್ ಪುರಾಣದ ಅಡೋನಿಸ್ ಮಾತ್ರ ಯಾವುದನ್ನೂ ಆಳಿದವನಲ್ಲ. ಅವನು ಕಾಡುಹಂದಿಯ ಕೋರೆಗೆ ಸಿಕ್ಕಿ ಎಳೆಪ್ರಾಯದಲ್ಲೇ ಸತ್ತ ಚೆಲುವ. ಡೊಮಿನಿಕ್ ಎಂದರೆ ‘ಒಡೆಯನಿಗೆ ಸೇರಿದವನು’. ಒಡೆತನ ದೇವರಲ್ಲಿಯೇ ಉಳಿಯುತ್ತದೆ, ಮಗು ಅವನ ಭಕ್ತ. ಅರಬ್ಬಿಯ ಅಬ್ದುಲ್ ಮಲಿಕ್ ಕೂಡ ಹೀಗೆಯೇ, ಜಗದ ದೊರೆಯ ಸೇವಕ. ಸಿರಿಲ್ ನನಗೆ ಬಲು ಇಷ್ಟ. ಗ್ರೀಕ್‌ನಲ್ಲಿ ಕೀರಿಯೋಸ್ ಎಂದರೆ ಒಡೆಯ, ಈ ಹೆಸರು ಅಲ್ಲಿಂದ ಬಂದದ್ದು. ಆದರೆ ರಷ್ಯನ್ ಮೊದಲಾದ ಭಾಷೆಗಳನ್ನು ಬರೆಯುವ ಸಿರಿಲಿಕ್ ಲಿಪಿಗೆ ಯಾರ ಹೆಸರಿದೆಯೋ ಆ ಸಂತ ಬದುಕಿನ ಬಹುಪಾಲನ್ನು ಕಾನ್‌ಸ್ಟಂಟೈನ್ ಎಂದೇ ಕಳೆದವನು. 869ರಲ್ಲಿ ತೀರಿಕೊಳ್ಳುವ ಸ್ವಲ್ಪ ಮುಂಚೆ ರೋಮ್‌ನಲ್ಲಿ ಸನ್ಯಾಸಿಯಾದಾಗ ಸಿರಿಲ್ ಎಂಬ ಹೆಸರು ತಳೆದ. ಇದ್ದದ್ದನ್ನೆಲ್ಲ ಬಿಟ್ಟವನಿಗೆ ಒಡೆಯನ ಹೆಸರು! ಇದನ್ನು ನಿಮ್ಮವರಿಗೆ ಹೇಳಿ ನೋಡಿ. ಟಿಯರ್ನನ್ ಎಂದರೆ ಐರಿಷ್‌ನಲ್ಲಿ ಪುಟ್ಟ ಒಡೆಯ. ಮಗುವಿನ ಹೆಸರನ್ನು ಪ್ರತಿಯೊಬ್ಬರಿಗೂ ಎರಡೆರಡು ಸಲ ಹೇಳುವ ತಾಳ್ಮೆಯಿದ್ದರೆ ಇಟ್ಟುಕೊಳ್ಳಿ.

ಕಿಂಗ್ ಅನ್ನು ಮಾತ್ರ ಹೊಡೆದುಹಾಕಿ. ಪದವಿಯನ್ನು ಹೆಸರಾಗಿಟ್ಟರೆ ಅರ್ಥ ಸವೆಯುವುದೂ ಇಲ್ಲ, ಮಗು ಹೋದಲ್ಲೆಲ್ಲ ಅದನ್ನು ಸಮರ್ಥಿಸಿಕೊಳ್ಳಬೇಕು. ನ್ಯೂಜಿಲೆಂಡ್‌ನಲ್ಲಿ ಅಧಿಕೃತ ಪದವಿಯಂತೆ ತೋರುವ ಹೆಸರುಗಳನ್ನು ನೋಂದಣಿಯಲ್ಲೇ ತಿರಸ್ಕರಿಸುತ್ತಾರೆ, ಕಿಂಗ್ ಅಲ್ಲಿ ಮತ್ತೆ ಮತ್ತೆ ತಿರಸ್ಕೃತವಾಗುವ ಹೆಸರು. ಅಮೆರಿಕದ ಟೆನೆಸಿಯಲ್ಲಿ 2013ರಲ್ಲಿ ಮೆಸ್ಸೀಯ (ಲೋಕೋದ್ಧಾರಕ, ಕ್ರೈಸ್ತರಿಗೆ ಯೇಸುವಿನ ಬಿರುದು) ಎಂಬ ಹಸುಗೂಸಿನ ಹೆಸರನ್ನು ಮಾರ್ಟಿನ್ ಎಂದು ಬದಲಿಸಲು ಮ್ಯಾಜಿಸ್ಟ್ರೇಟ್ ಒಬ್ಬರು ಆದೇಶಿಸಿದ್ದರು. ಮೇಲಿನ ನ್ಯಾಯಾಲಯ ಅದೇ ವರ್ಷ ಆ ಆದೇಶವನ್ನು ರದ್ದುಮಾಡಿತು. ತಾಯಿ ಗೆದ್ದರು, ಸರಿ. ಆದರೆ ತೊಟ್ಟಿಲ ಮಗುವಿನ ಹೆಸರಿಗಾಗಿ ಕೋರ್ಟಿನ ಮೆಟ್ಟಿಲು ಯಾರಿಗೆ ಬೇಕು?

ಹೆಣ್ಣು ಮಗುವಿಗೆ ಇಂಥ ಹೆಸರುಗಳಿಲ್ಲವೆಂದು ನಿಮ್ಮವರು ತಿಳಿದಿದ್ದರೆ ಹುಡುಕಾಟ ಅರ್ಧಕ್ಕೇ ನಿಂತಿದೆ. ಅರಮೇಯಿಕ್‌ನ ಮಾರ್ಥಾ ಎಂದರೆ ಒಡತಿ. ಹೀಬ್ರೂವಿನ ಸಾರಾ ಎಂದರೆ ರಾಜಕುವರಿ. ಭುವನೇಶ್ವರಿ, ರಾಜೇಶ್ವರಿ ನಮಗೆ ಗೊತ್ತೇ ಇವೆ. ಉತ್ತರ ಯುರೋಪಿನ ನಾರ್ಸ್ ಪುರಾಣದಲ್ಲಿ ಫ್ರೇಯ್ ಮತ್ತು ಫ್ರೇಯಾ ಒಡಹುಟ್ಟಿದವರು. ಅವನ ಹೆಸರಿಗೆ ಒಡೆಯ ಎಂದು ಅರ್ಥ, ಅವಳದಕ್ಕೆ ಒಡತಿ. ಅವರ ತಂದೆ ಯಾರಿಗೂ ‘ತೋಚಿದ್ದು ಇಡು’ ಎಂದಿರಲಾರ. ಅಂದಹಾಗೆ, ಉಮೇಶ, ರಮೇಶ ಎಂಬ ಹೆಸರುಗಳನ್ನು ಒಡೆದು ನೋಡಿ: ಉಮೆಯ ಒಡೆಯ, ರಮೆಯ ಒಡೆಯ. ಹೆಂಡತಿಯ ಹೆಸರು ತೆಗೆದರೆ ಉಳಿಯುವುದು ಬರೀ ಒಂದು ‘ಈಶ’.

ಮನಸ್ಸು ತಣ್ಣಗಿರುವ ಹೊತ್ತು ನೋಡಿ ಅವರ ಜೊತೆ ಕುಳಿತುಕೊಳ್ಳಿ. ಗಂಡು ಹೆಸರನ್ನು ಆರಿಸಲು ನಾನೂ ಸಿದ್ಧ, ಆದರೆ ಹೆಣ್ಣು ಹೆಸರಿನ ಪಟ್ಟಿಯನ್ನು ನೀವೇ, ಅಷ್ಟೇ ಆಸ್ಥೆಯಿಂದ ಮಾಡಬೇಕು, ಅದು ಕೈಗೆ ಬರುವವರೆಗೆ ಇದರ ಮಾತು ಬೇಡ ಎಂದು ಹೇಳಿ. ಎರಡೂ ಪಟ್ಟಿಯಲ್ಲಿ ಒಬ್ಬರಿಗೆ ಒಗ್ಗದ ಹೆಸರನ್ನು ಇನ್ನೊಬ್ಬರು ವಾದಿಸದೆ ಬಿಟ್ಟುಕೊಡಬೇಕು. ಆಮೇಲೆ ಕಚೇರಿಯ ವಿಷಯ ಎತ್ತಿ. ಅಲ್ಲಿ ಏನಾಗಿದೆ, ಈಗಲೂ ಆಗುತ್ತಿದೆಯೇ, ಬೇರೆ ಕೆಲಸ ಹುಡುಕುವ ಯೋಚನೆ ಇದೆಯೇ ಎಂದು ಕೇಳಿ. ಹೆರಿಗೆಗೆ ಇನ್ನೂ ಎರಡು ತಿಂಗಳಿದೆ, ಮಗು ಬಂದ ಮೇಲೆ ಇಂಥ ಮಾತಿಗೆ ಪುರಸೊತ್ತು ಸಿಗುವುದು ಕಷ್ಟ.