ಫುಟ್‌ಪಾತ್ ಅಗಲವಾದರೆ ಗಾಡಿಗಳಿಗೆ ತೊಂದರೆಯಾಗುತ್ತಾ?

"ನಮ್ಮ ಬಡಾವಣೆಯ ಮುಖ್ಯರಸ್ತೆಯನ್ನು ಹೊಸದಾಗಿ ಮಾಡುತ್ತಾರಂತೆ. ಫುಟ್‌ಪಾತ್ ಅಗಲ ಮಾಡಿ, ಸೈಕಲ್‌ಗೆ ಜಾಗ ಬಿಟ್ಟು, ಗಾಡಿಗಳಿಗೆ ಎರಡೇ ಲೇನ್ ಕೊಡುತ್ತಾರಂತೆ. ಇದರಿಂದ ಜಾಮ್ ಜಾಸ್ತಿ ಆಗಲ್ವಾ? ನಡೆಯುವವರು, ಸೈಕಲ್‌ನವರು, ಗಾಡಿಯವರು ಮೂವರಿಗೂ ಒಳ್ಳೆಯದಾಗುವ ರಸ್ತೆ ನಿಜವಾಗಲೂ ಇದೆಯಾ?" ಅಂತ ಕೇಳಿದ್ದೀರಿ.

ಇದೆ. ನಾನು ಸಿವಿಲ್ ಎಂಜಿನಿಯರ್, ರಸ್ತೆಗಳ ಡ್ರಾಯಿಂಗ್ ಮಾಡುವುದೇ ನನ್ನ ಕೆಲಸ. ಆದರೆ ಎಲ್ಲರೂ ಫುಟ್‌ಪಾತಿನ ಅಗಲದ ಬಗ್ಗೆ ಜಗಳವಾಡುತ್ತಾರೆ. ನಡೆಯುವವರ ಜೀವಕ್ಕೆ ದೊಡ್ಡ ಅಪಾಯ ಇರುವುದು ರಸ್ತೆ ದಾಟುವಾಗ, ಗಾಡಿಗಳು ಮೂಲೆ ತಿರುಗುವಾಗ. ನೀವು ಮೊದಲು ನೋಡಬೇಕಾದದ್ದು ಅಲ್ಲಿ.

ಜಾಮ್ ವಿಷಯ ಮೊದಲು ಮುಗಿಸುತ್ತೇನೆ. ಬೆಂಗಳೂರಿನಲ್ಲಿ ಸುಮಾರು ಹತ್ತು ವರ್ಷಗಳ ಹಿಂದೆ ಟೆಂಡರ್ ಶೂರ್ ಅನ್ನುವ ಯೋಜನೆಯಲ್ಲಿ ವಿಠಲ್ ಮಲ್ಯ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಮ್ ರಸ್ತೆ ಇವನ್ನೆಲ್ಲ ಹೊಸದಾಗಿ ಕಟ್ಟಿದರು. ಕೆಲಸ ನಡೆಯುವಾಗ "ರಸ್ತೆ ಕಿರಿದು ಮಾಡಿಬಿಟ್ಟರು" ಅಂತ ಎಲ್ಲರೂ ಬೈದರು. ಮಾಡಿದ್ದೇನು ಅಂದರೆ, ಲೇನಿನ ಅಗಲವನ್ನು ರಸ್ತೆಯ ಉದ್ದಕ್ಕೂ ಒಂದೇ ಸಮ ಇಟ್ಟರು. ನಮ್ಮ ಹಳೇ ರಸ್ತೆಗಳು ಒಂದು ಕಡೆ ನಾಲ್ಕು ಗಾಡಿ ಹಿಡಿಸುತ್ತವೆ, ನೂರು ಮೀಟರ್ ಮುಂದೆ ಎರಡೇ. ಆ ಕಿರಿದಾದ ಜಾಗದಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ನುಗ್ಗುತ್ತಾರೆ. ಜಾಮ್ ಹುಟ್ಟುವುದು ಅಲ್ಲೇ, ಸ್ಕೂಟರ್ ಉಜ್ಜಿ ಬೀಳುವುದೂ ಅಲ್ಲೇ. ಒಂದು ರಸ್ತೆಯಲ್ಲಿ ಗಂಟೆಗೆ ಎಷ್ಟು ಗಾಡಿ ಹೋಗುತ್ತವೆ ಅನ್ನುವುದನ್ನು ಅದರ ಅತಿ ಕಿರಿದಾದ ಜಾಗ ಮತ್ತು ಮುಂದಿನ ಸಿಗ್ನಲ್ ತೀರ್ಮಾನ ಮಾಡುತ್ತವೆ. ನಡುವೆ ಸುಮ್ನೆ ಉಬ್ಬಿಕೊಂಡಿರುವ ಟಾರು ಯಾರಿಗೂ ಉಪಯೋಗವಿಲ್ಲ. ಅದನ್ನು ನಡೆಯುವವರಿಗೆ ಕೊಟ್ಟರೆ ಗಾಡಿಯವರು ಕಳೆದುಕೊಳ್ಳುವುದು ತುಂಬಾ ಕಡಿಮೆ.

ಆ ಯೋಜನೆಯಲ್ಲಿ ನನಗೆ ತುಂಬಾ ಇಷ್ಟವಾದ ಕೆಲಸ ಕಣ್ಣಿಗೆ ಕಾಣುವುದಿಲ್ಲ. ನೀರು, ಕರೆಂಟು, ಕೇಬಲ್ ಎಲ್ಲವನ್ನೂ ಫುಟ್‌ಪಾತಿನ ಕೆಳಗೆ ಪೈಪುಗಳಲ್ಲಿ ಹಾಕಿ, ಅಲ್ಲಲ್ಲಿ ಮುಚ್ಚಳ ತೆಗೆದು ಇಳಿಯುವ ಚೇಂಬರ್ ಇಟ್ಟರು. ಹಾಗಿದ್ದರೆ ರಿಪೇರಿಗೆ ಪ್ರತಿಸಲ ಟಾರು ಅಗೆಯಬೇಕಾಗಿಲ್ಲ. ಅಗೆದು ಅರ್ಧಂಬರ್ಧ ಮುಚ್ಚಿದ ಗುಂಡಿಗೆ ಬೈಕಿನವರು ಬೀಳುವುದನ್ನು ನಾವೆಲ್ಲ ನೋಡಿದ್ದೇವೆ. ಇದಕ್ಕೆ ಕಿಲೋಮೀಟರಿಗೆ ಹಲವು ಕೋಟಿ ಖರ್ಚಾಗುತ್ತದೆ ಅನ್ನುವುದು ನಿಜ. ವರ್ಷವರ್ಷ ಅಗೆದು ಮುಚ್ಚುವ ಖರ್ಚನ್ನು, ಅದರಲ್ಲಿ ಮುರಿಯುವ ಕೈಕಾಲುಗಳನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ಈಗ ವೇಗದ ಮಾತು. 50 ಕಿ.ಮೀ. ವೇಗದಲ್ಲಿರುವ ಕಾರಿನ ಮುಂದೆ ಒಂದು ಮಗು ಬಂತು ಅನ್ನಿ. ಚಾಲಕರು ನೋಡಿ ಬ್ರೇಕ್ ತುಳಿಯಲು ಒಂದು ಸೆಕೆಂಡ್ ಬೇಕು. ಅಷ್ಟರಲ್ಲೇ ಕಾರು ಸುಮಾರು 14 ಮೀಟರ್ ಮುಂದೆ ಬಂದಿರುತ್ತದೆ. ಅದೇ ಕಾರು 30ರಲ್ಲಿ ಇದ್ದಿದ್ದರೆ, ಒಣರಸ್ತೆಯಲ್ಲಿ ಅಷ್ಟು ದೂರದೊಳಗೆ ಪೂರ್ತಿ ನಿಂತುಬಿಡುತ್ತಿತ್ತು. ಒಂದು ಕಾರು ನಿಂತಾಗಿದೆ, ಇನ್ನೊಂದು ಇನ್ನೂ ಬ್ರೇಕ್ ಹಿಡಿಯಲು ಶುರು ಮಾಡುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ಸರಾಸರಿ ವೇಗ 1 ಶೇಕಡಾ ಏರಿದರೆ ಸಾವಿನ ಅಪಘಾತದ ಅಪಾಯ ಸುಮಾರು 4 ಶೇಕಡಾ ಏರುತ್ತದೆ.

ಬೋರ್ಡ್ ಹಾಕಿದರೆ ವೇಗ ಕಡಿಮೆಯಾಗುವುದಿಲ್ಲ. ಅಗಲವಾಗಿ, ನೇರವಾಗಿ, ಖಾಲಿಯಾಗಿ ಕಾಣುವ ರಸ್ತೆಯಲ್ಲಿ ಒಳ್ಳೆಯವರ ಕಾಲೂ ಆಕ್ಸಿಲರೇಟರ್ ಒತ್ತುತ್ತದೆ. ಹಾಗಾಗಿ ರಸ್ತೆಯ ಆಕಾರವೇ ನಿಧಾನ ಮಾಡಿಸಬೇಕು. ಲೇನ್ ಮೂರು ಮೀಟರ್ ಆಸುಪಾಸು ಇರಲಿ. ಹಂಪ್ಸ್ ಹಾಕಿದರೆ ಸರಿಯಾದ ಅಳತೆಯಲ್ಲಿ ಹಾಕಲಿ. ನಮ್ಮ ದೇಶದ ರಸ್ತೆಗಳಿಗೆ ಅಳತೆ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್. ಅದರ ಅಳತೆ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲದ ದುಂಡನೆ ಉಬ್ಬು. 25 ಕಿ.ಮೀ. ವೇಗದಲ್ಲಿ ಹೋದರೆ ಅದು ಸೊಂಟಕ್ಕೆ ಪೆಟ್ಟು ಕೊಡುವುದಿಲ್ಲ. ನಮ್ಮ ಬೀದಿಗಳಲ್ಲಿ ರಾತ್ರೋರಾತ್ರಿ ಏಳುವ ಚೂಪು ದಿಣ್ಣೆಗಳು ಬೈಕಿನವರನ್ನೇ ಬೀಳಿಸುತ್ತವೆ.

ದಾಟುವ ಜಾಗಕ್ಕೆ ಬನ್ನಿ. ಆರು ಲೇನಿನ ರಸ್ತೆ ಅಂದರೆ ಸುಮಾರು 21 ಮೀಟರ್. ಆರೋಗ್ಯವಂತರು ಸೆಕೆಂಡಿಗೆ 1.2 ಮೀಟರ್ ನಡೆದರೂ ಹದಿನೇಳು, ಹದಿನೆಂಟು ಸೆಕೆಂಡ್ ಬೇಕು. ಅಜ್ಜಿಗೆ ಇನ್ನೂ ಜಾಸ್ತಿ. ನಡುವಿನ ಮೀಡಿಯನ್‌ನಲ್ಲಿ ನಿಲ್ಲುವಷ್ಟು ಜಾಗ ಬಿಟ್ಟರೆ ಅದೇ ಅಜ್ಜಿ ಒಂದು ಸಲಕ್ಕೆ ಒಂದೇ ದಿಕ್ಕಿನ ಗಾಡಿ ನೋಡಿ, ಅರ್ಧರ್ಧ ದಾಟಬಹುದು. ಜೀಬ್ರಾ ಪಟ್ಟಿಯನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತಿ ಕಟ್ಟಿದರೆ ಇನ್ನೂ ಒಳ್ಳೆಯದು. ಆಗ ಇಳಿದು ಹತ್ತುವುದು ಗಾಡಿಯ ಪಾಡು, ಮನುಷ್ಯರದ್ದಲ್ಲ. ದಯವಿಟ್ಟು ಸ್ಕೈವಾಕ್, ಅಂದರೆ ರಸ್ತೆಯ ಮೇಲೆ ಹತ್ತಿ ದಾಟುವ ಸೇತುವೆ, ಒಪ್ಪಿಕೊಳ್ಳಬೇಡಿ. ಲಾರಿ ಹೋಗಲು 5.5 ಮೀಟರ್ ಎತ್ತರ ಬಿಡಬೇಕು. ಲಿಫ್ಟ್ ಕೆಟ್ಟ ದಿನ ನಲವತ್ತರ ಹತ್ತಿರ ಮೆಟ್ಟಿಲು ಹತ್ತಬೇಕು, ಅಷ್ಟನ್ನೇ ಇಳಿಯಬೇಕು. ಮೊಣಕಾಲು ನೋವಿರುವವರು ಕೆಳಗೇ ದಾಟುತ್ತಾರೆ. ಅವರನ್ನು ದೂರುವುದು ನ್ಯಾಯವಲ್ಲ.

ಮೂಲೆಗಳು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ನಮ್ಮಲ್ಲಿ ಕ್ರಾಸ್ ರಸ್ತೆಯ ಮೂಲೆಯನ್ನು ದೊಡ್ಡದಾಗಿ ದುಂಡಗೆ ಕತ್ತರಿಸುತ್ತಾರೆ. ಗಾಡಿ ವೇಗ ಇಳಿಸದೆ ತಿರುಗುತ್ತದೆ. ಅಲ್ಲೇ ಜನ ದಾಟುತ್ತಿರುತ್ತಾರೆ. ಮೂಲೆಯನ್ನು ಬಿಗಿ ಮಾಡಿದರೆ ಗಾಡಿ ನಿಧಾನವಾಗಲೇಬೇಕು, ದಾಟುವ ದೂರವೂ ಕಡಿಮೆಯಾಗುತ್ತದೆ. "ಬಸ್ ಹೇಗೆ ತಿರುಗಬೇಕು?" ಅಂತ ಕೇಳುತ್ತಾರೆ. ಬಸ್ ತಿರುಗುವ ಮೂಲೆಗಳನ್ನು ಬಸ್ಸಿನ ಅಳತೆಗೆ ಮಾಡಿ, ಮನೆಗಳಿರುವ ಕ್ರಾಸಿಗೆ ಯಾಕೆ ಅದೇ ಅಳತೆ?

ಇನ್ನೊಂದು, ಮೂಲೆಯಲ್ಲಿ ಗಾಡಿ ನಿಲ್ಲಿಸಲು ಬಿಡಬಾರದು. ಅಮೆರಿಕದ ನ್ಯೂಜೆರ್ಸಿಯಲ್ಲಿ ಹೊಬೋಕನ್ ಅನ್ನುವ ಪುಟ್ಟ ಊರಿದೆ, ಜನಸಂಖ್ಯೆ 60,000 ಆಸುಪಾಸು. ತುಂಬಾ ಇಕ್ಕಟ್ಟಿನ ಊರು. ದಾಟಲು ನಿಂತ ಮಗು ಚಾಲಕರಿಗೆ ಕಾಣಲಿ ಅಂತ ಅಲ್ಲಿ ಮೂಲೆಗಳ ಪಾರ್ಕಿಂಗ್ ಕಿತ್ತು, ಆ ಜಾಗದಲ್ಲಿ ಕಂಬ, ಗಿಡ, ಸೈಕಲ್ ಸ್ಟ್ಯಾಂಡ್ ಇಟ್ಟರು. ವೇಗದ ಮಿತಿಯನ್ನೂ ಇಳಿಸಿದರು. 2017ರ ಜನವರಿಯ ನಂತರ ಏಳು ವರ್ಷ ಆ ಊರಿನ ಬೀದಿಗಳ ಅಪಘಾತಗಳಲ್ಲಿ ಒಬ್ಬರೂ ಸಾಯಲಿಲ್ಲ. ಖರ್ಚು ಹೆಚ್ಚೇನಿಲ್ಲದ ಕೆಲಸ ಇದು. ನಮ್ಮ ಯಾವ ಊರಲ್ಲಾದರೂ ನಾಳೆಯೇ ಶುರು ಮಾಡಬಹುದು.

ಸೈಕಲ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಬರೀ ಬಣ್ಣದ ಗೆರೆ ಎಳೆದರೆ ಅದು ಪಾರ್ಕಿಂಗ್ ಜಾಗವಾಗುತ್ತದೆ. 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್ ಪಥ ಮಾಡಿದರು, ಜನ ಬಳಸಿದರು ಕೂಡ, ಆದರೆ ಅದು ಉಳಿಯಲಿಲ್ಲ. ಮುಖ್ಯರಸ್ತೆಯಲ್ಲಿ ಅಂಚುಕಲ್ಲಿನಿಂದ ಬೇರೆ ಮಾಡಿದ ಗಟ್ಟಿ ಪಥವೇ ಬೇಕು. ವೇಗ 30ಕ್ಕೆ ಇಳಿದ ಒಳರಸ್ತೆಯಲ್ಲಿ ಬೇರೆ ಪಥವೇ ಬೇಡ. ನೆದರ್‌ಲ್ಯಾಂಡ್ಸ್‌ನಲ್ಲೂ ಇದು ತಾನಾಗಿ ಬರಲಿಲ್ಲ. 1971ರಲ್ಲಿ ಅಲ್ಲಿ ರಸ್ತೆಯಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಅಪ್ಪ ಅಮ್ಮಂದಿರು ಬೀದಿಗಿಳಿದು ಹೋರಾಡಿದ ಮೇಲೆ ರಸ್ತೆಗಳು ಬದಲಾದವು.

ಗಾಡಿಯವರಿಗೆ ಏನು ಲಾಭ ಅಂದಿರಿ. 2022ರಲ್ಲಿ ನಮ್ಮ ದೇಶದಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491. ಅದರಲ್ಲಿ ಶೇಕಡಾ 44ಕ್ಕಿಂತ ಹೆಚ್ಚು ದ್ವಿಚಕ್ರ ವಾಹನದಲ್ಲಿದ್ದವರು, 19ಕ್ಕಿಂತ ಹೆಚ್ಚು ನಡೆಯುತ್ತಿದ್ದವರು. ನಮ್ಮಲ್ಲಿ ಗಾಡಿಯವರು ಅಂದರೆ ಮೊದಲು ಸ್ಕೂಟರ್, ಬೈಕಿನವರು. ಅವರ ಸುತ್ತ ತಗಡೂ ಇಲ್ಲ, ಏರ್‌ಬ್ಯಾಗೂ ಇಲ್ಲ. ಒಂದೇ ಸಮನಾದ ಲೇನ್, ಸರಿಯಾದ ಹಂಪ್ಸ್, ಗುಂಡಿಯಿಲ್ಲದ ಟಾರು, ಬಿಗಿಯಾದ ಮೂಲೆ ಇವು ಅವರನ್ನೂ ಉಳಿಸುತ್ತವೆ.

ವಿರೋಧ ಬರುವುದು ಹೆಚ್ಚಾಗಿ ಅಂಗಡಿಯವರಿಂದ, ಪಾರ್ಕಿಂಗ್ ಹೋಗುತ್ತದೆ ಅಂತ. ಅವರ ಭಯವನ್ನು ತಳ್ಳಿಹಾಕಬೇಡಿ, ಕೂತು ಮಾತಾಡಿ. ಮರಗಳ ನಡುನಡುವೆ ಕೆಲವು ಪಾರ್ಕಿಂಗ್ ಜಾಗ, ಸಾಮಾನು ಇಳಿಸಲು ಒಂದು ಜಾಗ ಡ್ರಾಯಿಂಗಲ್ಲೇ ಕೊಡಬಹುದು. ತಳ್ಳುಗಾಡಿಯವರಿಗೂ ಜಾಗ ಗುರುತಿಸಲೇಬೇಕು. ಹೂವು, ಹಣ್ಣು ಮಾರುವವರು ಇರುವ ಫುಟ್‌ಪಾತಿನಲ್ಲಿ ರಾತ್ರಿ ಎಂಟು ಗಂಟೆಗೂ ಹೆಣ್ಣುಮಕ್ಕಳು ಧೈರ್ಯವಾಗಿ ನಡೆಯುತ್ತಾರೆ.

ನೀವು ವಾರ್ಡ್ ಸಭೆಗೆ ಹೋದಾಗ ಬಣ್ಣದ ಚಿತ್ರ ನೋಡಿ ಸುಮ್ಮನಾಗಬೇಡಿ, ಅಳತೆ ಇರುವ ಡ್ರಾಯಿಂಗ್ ಕೇಳಿ. ಕಂಬ, ಟ್ರಾನ್ಸ್‌ಫಾರ್ಮರ್ ಬಿಟ್ಟು ನಡೆಯಲು ಉಳಿಯುವ ಜಾಗ 1.8 ಮೀಟರ್ ಇದೆಯಾ? ಅಂಚು 15 ಸೆಂ.ಮೀ.ಗಿಂತ ಎತ್ತರ ಇಲ್ಲ ತಾನೆ? ಪ್ರತಿ ಮನೆಯ ಗೇಟಿನ ಮುಂದೆ ಫುಟ್‌ಪಾತ್ ಇಳಿದು ಹತ್ತುತ್ತದೋ, ಒಂದೇ ಮಟ್ಟದಲ್ಲಿ ಸಾಗುತ್ತದೋ? ಶಾಲೆ, ಬಸ್ ಸ್ಟಾಪ್ ಎದುರು ಎತ್ತಿದ ಜೀಬ್ರಾ ಇದೆಯಾ? ಡ್ರಾಯಿಂಗ್ ಸಿಕ್ಕಿದರೆ ಮೂಲೆಗಳ ಫೋಟೋ ಇಲ್ಲೇ ಕೆಳಗೆ ಹಾಕಿ. ಟೆಂಡರ್ ಕರೆಯುವ ಮೊದಲೇ ಹಾಕಿ, ಆಮೇಲೆ ಬದಲಿಸುವುದು ಕಷ್ಟ. ನಾನು ಒಂದೊಂದಾಗಿ ನೋಡಿ, ಏನು ಕೇಳಬೇಕು ಅಂತ ಬರೆದುಕೊಡುತ್ತೇನೆ.