ಅಜ್ಜ ಹಾಕಿಸಿದ ಕಾಫಿ ಗಿಡಕ್ಕೆ ಈಗ ತುಕ್ಕು ಯಾಕೆ?

ಪ್ರಶ್ನೆ: ಸರ್, ಮೂಡಿಗೆರೆ ಹತ್ತಿರ ನಮ್ಮದು ಆರು ಎಕರೆ ಅರೇಬಿಕಾ ತೋಟ. ಜಾಸ್ತಿ ಇರುವುದು ಎಸ್.795 ತಳಿ. ಎಲೆ ತುಕ್ಕು ಬರುವುದಿಲ್ಲ ಎಂದೇ ಅಜ್ಜ ಇದನ್ನು ಹಾಕಿಸಿದ್ದರಂತೆ. ಈಗ ಮಳೆ ಮುಗಿಯುವ ಹೊತ್ತಿಗೆ ಎಲೆಯ ಅಡಿಯೆಲ್ಲ ಕಿತ್ತಳೆ ಪುಡಿ. ತಳಿ ಕೆಟ್ಟುಹೋಯಿತಾ? ಎಲ್ಲ ಕಿತ್ತು ಚಂದ್ರಗಿರಿ ತಳಿ ಹಾಕೋಣ ಎಂದು ಮಗ ಹಟ ಹಿಡಿದಿದ್ದಾನೆ.

ಉತ್ತರ: ಕೀಳಬೇಡಿ, ಮೊದಲು ಅದನ್ನು ಹೇಳಿಬಿಡುತ್ತೇನೆ. ಅಜ್ಜನ ಕಾಲದಲ್ಲಿ ಗಿಡದಲ್ಲಿದ್ದ ಜೀನ್‌ಗಳು ಇವತ್ತೂ ಹಾಗೇ ಇವೆ. ಬದಲಾಗಿರುವುದು ತುಕ್ಕು ತರುವ ಶಿಲೀಂಧ್ರ.

ಕಾಫಿಯಲ್ಲಿ ಇದು ಗೊತ್ತಾಗಿದ್ದೇ ನಮ್ಮ ಮಲೆನಾಡಿನಲ್ಲಿ. ಕೆಂಟ್ ಎಂಬ ಪ್ಲಾಂಟರ್ ತುಕ್ಕು ಹತ್ತದ ಗಿಡವನ್ನು ತಮ್ಮ ತೋಟದಲ್ಲಿ ಗುರುತಿಸಿದ್ದರು. ಆ ಕೆಂಟ್ಸ್ ತಳಿ ಎಲ್ಲ ಕಡೆ ಹಬ್ಬಿತು, ಕೆಲವು ವರ್ಷ ಚೆನ್ನಾಗಿಯೇ ಇತ್ತು, ಆಮೇಲೆ ಅದಕ್ಕೂ ತುಕ್ಕು ಬಂತು. 1930ರ ದಶಕದಲ್ಲಿ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಲ್ಲಿ ಮೇನ್ ಎಂಬ ವಿಜ್ಞಾನಿ ಇದರ ಬೆನ್ನು ಹತ್ತಿದರು. ತುಕ್ಕಿನಲ್ಲೇ ಬೇರೆ ಬೇರೆ ಪಂಗಡಗಳಿವೆ, ಒಂದು ಕೆಂಟ್ಸ್ ಮೇಲೆ ಬೆಳೆಯಲಾರದು, ಇನ್ನೊಂದು ಬೆಳೆಯುತ್ತದೆ ಎಂದು ತೋರಿಸಿಕೊಟ್ಟರು. ಅದಾದ ಮೇಲೆ ಬಂದದ್ದು ನಿಮ್ಮ ಎಸ್.795. ಕೆಂಟ್ಸ್‌ನಲ್ಲಿದ್ದ, ತುಕ್ಕು ತಡೆಯುವ ಎಸ್‌ಎಚ್2 ಎಂಬ ಜೀನ್ ಜೊತೆಗೆ ಇದರಲ್ಲಿ ಲಿಬೆರಿಕಾ ಕಾಫಿಯಿಂದ ಬಂದ ಎಸ್‌ಎಚ್3 ಕೂಡ ಇದೆ. ಆ ಎರಡೂ ಪಂಗಡಗಳನ್ನು ಅದು ತಡೆಯಿತು.

ಜೀನ್ ಹೇಗೆ ತಡೆಯುತ್ತದೆ? ಅದು ಎಲೆಯ ಜೀವಕೋಶದಲ್ಲಿ ಒಂದು ಕಾವಲಿನ ಪ್ರೋಟೀನ್ ಮಾಡಿಸುತ್ತದೆ. ಶಿಲೀಂಧ್ರ ಒಳಗೆ ಬಿಡುವ ಯಾವುದೋ ಒಂದು ವಸ್ತುವಿನ ಗುರುತು ಆ ಪ್ರೋಟೀನಿಗೆ ಸಿಕ್ಕರೆ ಸಾಕು, ಆ ಕೋಶ ತಾನೇ ಸತ್ತುಹೋಗುತ್ತದೆ. ತುಕ್ಕಿಗೆ ಬದುಕಿರುವ ಕೋಶವೇ ಬೇಕು, ಅಲ್ವಾ? ಊಟ ಸಿಗದೆ ಅಲ್ಲೇ ನಿಲ್ಲುತ್ತದೆ. ಆದರೆ ಕೋಟಿಗಟ್ಟಲೆ ಬೀಜಕಣಗಳಲ್ಲಿ ಯಾವುದೋ ಒಂದರಲ್ಲಿ ಆ ವಸ್ತು ಸ್ವಲ್ಪ ಬದಲಾದರೆ ಕಾವಲಿಗೆ ಗುರುತು ಸಿಗುವುದಿಲ್ಲ, ಮತ್ತು ಸುತ್ತಲೂ ಒಂದೇ ತಳಿ ಇದ್ದರೆ ಆ ಒಂದು ಕಣಕ್ಕೆ ಇಡೀ ತೋಟವೇ ತೆರೆದ ಮನೆ. ಇಂಥ ಜೋಡಿ ಲೆಕ್ಕವನ್ನು, ಗಿಡದ ಒಂದು ಜೀನ್‌ಗೆ ಶಿಲೀಂಧ್ರದ ಒಂದು ಜೀನ್ ಎಂದು, 1940ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಫ್ಲೋರ್ ಅಗಸೆಯ ತುಕ್ಕಿನಲ್ಲಿ ಬಿಡಿಸಿ ತೋರಿಸಿದ್ದರು.

ಚಂದ್ರಗಿರಿ ಒಳ್ಳೆಯ ತಳಿ, 2007ರಲ್ಲಿ ಬಂದದ್ದು. ಆದರೆ 1980ರ ದಶಕದಲ್ಲಿ ಕಾವೇರಿ ತಳಿಯನ್ನೂ ಹೀಗೇ ನಂಬಿದ್ದೆವು, ಕೆಲವೇ ವರ್ಷಗಳಲ್ಲಿ ಅದಕ್ಕೂ ತುಕ್ಕು ಹತ್ತಿತು. ಅದಕ್ಕೇ ಮಗನಿಗೆ ಹೇಳಿ: ಹಳೇ ಗಿಡ ಸತ್ತ ಕಡೆ, ಒಂದು ಭಾಗದಲ್ಲಿ ಚಂದ್ರಗಿರಿ ಹಾಕಲಿ, ಉಳಿದದ್ದು ಇರಲಿ. ಮಳೆಗಾಲಕ್ಕೆ ಮೊದಲು ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ ಶೇ. 0.5ರ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ್ದು) ಎಲೆಯ ಅಡಿಗೆ ತಾಗುವಂತೆ ಹೊಡೆಸಿ. ನೆರಳಿನ ಮರಗಳ ಕೊಂಬೆ ಕಡಿಸಿ ಮರಗಸಿ ಮಾಡಿಸಿ, ಆದರೆ ಸಿಕ್ಕಾಪಟ್ಟೆ ಬಿಸಿಲು ಬಿಡಬೇಡಿ, ಬಿಳಿ ಕಾಂಡಕೊರಕ ಹುಳಕ್ಕೆ ಬಿಸಿಲು ಬಿದ್ದ ಗಿಡವೇ ಇಷ್ಟ.

ಪ್ರಶ್ನೆ: ಪಕ್ಕದ ರೋಬಸ್ಟಾಕ್ಕೆ ಅಷ್ಟಾಗಿ ತುಕ್ಕು ಬರುವುದಿಲ್ಲ. ಆ ಗುಣ ಅರೇಬಿಕಾಕ್ಕೆ ತರಲು ಆಗುವುದಿಲ್ಲವೇ?

ಉತ್ತರ: ಬಂದಿದೆ! ರೋಬಸ್ಟಾದಲ್ಲಿ 22 ಕ್ರೋಮೋಸೋಮ್, ಅರೇಬಿಕಾದಲ್ಲಿ 44, ಹಾಗಾಗಿ ಎರಡೂ ಸುಲಭವಾಗಿ ಕೂಡುವುದಿಲ್ಲ. ಆದರೆ ಟಿಮೋರ್ ದ್ವೀಪದ ಒಂದು ತೋಟದಲ್ಲಿ ಅವು ತಾವಾಗಿಯೇ ಕೂಡಿ 44 ಕ್ರೋಮೋಸೋಮಿನ ಗಿಡವೊಂದು ಹುಟ್ಟಿತು. ಕಾವೇರಿ, ಚಂದ್ರಗಿರಿ ಎರಡಕ್ಕೂ ರೋಬಸ್ಟಾದ ಜೀನ್ ಬಂದದ್ದು ಅದರಿಂದಲೇ. ಇನ್ನೊಂದು ಮಾತು, ರೋಬಸ್ಟಾ ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುವುದಿಲ್ಲ. ಬೀಜದಿಂದ ಎಬ್ಬಿಸಿದ ತೋಟದಲ್ಲಿ ಪ್ರತಿ ಗಿಡವೂ ಬೇರೆ ಬೇರೆ, ತುಕ್ಕಿಗೆ ಪ್ರತಿ ಗಿಡದಲ್ಲೂ ಹೊಸ ಕಾವಲು.