ಟೊಮೆಟೊ ದರದ ಆ್ಯಪ್‌ಗೆ ಸರ್ವರ್ ಎಲ್ಲಿರಬೇಕು: ವರ್ಜೀನಿಯಾ, ಮುಂಬೈ, ಹೈದರಾಬಾದ್?

ಪ್ರಶ್ನೆ: ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್‌ಗೆ ಆ ದಿನ ಸಿಕ್ಕ ದರವನ್ನು ರೈತರಿಗೆ ತಿಳಿಸುವ ಆ್ಯಪ್ ಮಾಡಿದ್ದೇವೆ. ಆ್ಯಪ್ ಸರ್ವರ್, ಆರ್‌ಡಿಎಸ್ ಮೈಎಸ್‌ಕ್ಯೂಎಲ್ (ಡೇಟಾಬೇಸ್) ಎರಡೂ ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯೂಎಸ್‌ನ ಉತ್ತರ ವರ್ಜೀನಿಯಾ (ಅಮೆರಿಕ) ರೀಜನ್‌ನಲ್ಲಿ, ಅಂದರೆ ಅಲ್ಲಿನ ಡೇಟಾ ಸೆಂಟರ್‌ಗಳ ಗುಂಪಿನಲ್ಲಿವೆ. ಶ್ರೀನಿವಾಸಪುರ, ಮುಳಬಾಗಿಲು ಕಡೆಯ ರೈತರು ಆ್ಯಪ್ ತುಂಬಾ ನಿಧಾನ ಎನ್ನುತ್ತಾರೆ. ಮುಂಬೈಗೆ ಬದಲಿಸಬೇಕೋ, ಹತ್ತಿರದ ಹೈದರಾಬಾದ್‌ಗೋ? ಸದ್ಯಕ್ಕೆ ಆ್ಯಪ್ ಸರ್ವರ್ ಮಾತ್ರ ಬದಲಿಸಿದರೆ ಸಾಕೇ?
– ಓದುಗರೊಬ್ಬರು, ಕೋಲಾರ

ಉತ್ತರ: ಕೊನೆಯ ಪ್ರಶ್ನೆಗೇ ಮೊದಲು ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಆ್ಯಪ್ ಮುಂಬೈಯಲ್ಲಿ, ಡೇಟಾಬೇಸ್ ವರ್ಜೀನಿಯಾದಲ್ಲಿ ಇದ್ದರೆ ಪ್ರತಿ ಕ್ವೆರಿಯೂ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಸಮುದ್ರ ದಾಟಿ ಹೋಗಿಬರಬೇಕು. ಒಂದು ಸಲಕ್ಕೆ ಸುಮಾರು 200 ಮಿಲಿಸೆಕೆಂಡ್ ಎಂದುಕೊಳ್ಳಿ. ಒಂದು ಪರದೆ ತುಂಬಲು ಒಂದರ ಹಿಂದೊಂದು 15 ಕ್ವೆರಿ ಓಡುತ್ತಿದ್ದರೆ ಅಲ್ಲೇ 3 ಸೆಕೆಂಡ್ ಹೋಯಿತು. ಎರಡೂ ಒಂದೇ ರೀಜನ್‌ನಲ್ಲಿದ್ದರೆ ಈ ಓಡಾಟಕ್ಕೆ ಕೆಲವೇ ಮಿಲಿಸೆಕೆಂಡ್ ಸಾಕು. ಅರ್ಧ ಬದಲಾವಣೆಯಿಂದ ಈಗಿನದಕ್ಕಿಂತ ಕೆಟ್ಟ ಸ್ಥಿತಿಯೇ ಬರುತ್ತದೆ.

ಈಗಿನ ನಿಧಾನಕ್ಕೂ ಬಹುಶಃ ಕಾರಣ ಇಂಥದೇ ಓಡಾಟ, ಫೋನಿನಿಂದ ವರ್ಜೀನಿಯಾಕ್ಕೆ. ಇಲ್ಲಿಂದ ಅಮೆರಿಕದ ಪೂರ್ವ ತೀರಕ್ಕೆ ಹೋಗಿಬರಲು ಸಾಮಾನ್ಯವಾಗಿ 200ರಿಂದ 250 ಮಿಲಿಸೆಕೆಂಡ್ ಬೇಕು. ಹೊಸ ಕನೆಕ್ಷನ್‌ನಲ್ಲಿ ಸಂಪರ್ಕ ಜೋಡಿಸುವ ಟಿಸಿಪಿಗೆ ಒಂದು, ಅದನ್ನು ಗೂಢಲಿಪಿಯಿಂದ ಭದ್ರಪಡಿಸುವ ಟಿಎಲ್‌ಎಸ್ 1.3ಕ್ಕೆ ಒಂದು, ಮಾಹಿತಿ ಕೇಳಿ ತರಲು ಒಂದು, ಹೀಗೆ ಮೂರು ಸುತ್ತು, ಟಿಎಲ್‌ಎಸ್ 1.2 ಆದರೆ ನಾಲ್ಕು. ಮೊದಲ ಬೈಟ್ ಬರುವಷ್ಟರಲ್ಲಿ ಮುಕ್ಕಾಲು ಸೆಕೆಂಡ್ ಆಗಿರುತ್ತದೆ.

ಹೈದರಾಬಾದ್ ಭೂಪಟದಲ್ಲಿ ಹತ್ತಿರ, ನಿಜ. ಆದರೆ ಫೈಬರ್‌ನಲ್ಲಿ 1,000 ಕಿ.ಮೀ. ದೂರಕ್ಕೆ ಹೋಗಿಬರಲು ಬೆಳಕಿಗೆ ಬೇಕಾದ್ದು ಸುಮಾರು 10 ಮಿಲಿಸೆಕೆಂಡ್ ಅಷ್ಟೇ. ಮೊಬೈಲ್ ಕಂಪನಿ ಯಾವ ಊರಿನ ಎಕ್ಸ್‌ಚೇಂಜ್ (ನೆಟ್‌ವರ್ಕ್‌ಗಳು ಕೂಡುವ ಜಾಗ) ಮೂಲಕ ಟ್ರಾಫಿಕ್ ಕಳಿಸುತ್ತದೆ ಎಂಬುದೇ ದೂರಕ್ಕಿಂತ ಹೆಚ್ಚು ಲೆಕ್ಕಕ್ಕೆ ಬರುತ್ತದೆ. 2022ರಲ್ಲಿ ಶುರುವಾದ ಹೈದರಾಬಾದ್ ರೀಜನ್ ಅನ್ನು ಖಾತೆಯಲ್ಲಿ ನೀವೇ ಚಾಲೂ ಮಾಡಿಕೊಳ್ಳಬೇಕು, 2016ರಿಂದ ಇರುವ ಮುಂಬೈನ ಎಲ್ಲ ಸೇವೆಗಳೂ ಅಲ್ಲಿ ಸಿಗುವುದಿಲ್ಲ. ನನ್ನ ಸಲಹೆ: ಎಲ್ಲವೂ ಮುಂಬೈಯಲ್ಲಿರಲಿ, ಬ್ಯಾಕಪ್‌ನ ಒಂದು ಪ್ರತಿ ಹೈದರಾಬಾದ್‌ನಲ್ಲಿರಲಿ.

ಆದರೂ ಅಳೆಯದೆ ನಿರ್ಧರಿಸಬೇಡಿ. ಎರಡೂ ಕಡೆ ಒಂದೊಂದು ಚಿಕ್ಕ ಸರ್ವರ್ ಒಂದು ದಿನದ ಮಟ್ಟಿಗೆ ಎಬ್ಬಿಸಿ, ಮುಳಬಾಗಿಲಿನಲ್ಲಿರುವ ಫೋನಿನಿಂದ, ಜಿಯೊ ಮತ್ತು ಏರ್‌ಟೆಲ್ ಡೇಟಾದಲ್ಲಿ ಪರೀಕ್ಷಿಸಿ. ಆಫೀಸಿನ ಬ್ರಾಡ್‌ಬ್ಯಾಂಡ್‌ನಲ್ಲಿ ಬರುವ ಅಂಕಿ ರೈತರ ಅನುಭವ ಹೇಳುವುದಿಲ್ಲ. ಟರ್ಮಕ್ಸ್‌ನಲ್ಲಿ (ಆಂಡ್ರಾಯ್ಡ್ ಫೋನಿನಲ್ಲಿ ಕಮಾಂಡ್ ಓಡಿಸುವ ಆ್ಯಪ್) ಕರ್ಲ್ (ವೆಬ್ ವಿಳಾಸಕ್ಕೆ ಕೋರಿಕೆ ಕಳಿಸುವ ಕಮಾಂಡ್) ಓಡಿಸಿ ಕನೆಕ್ಟ್ ಆಗಲು ಎಷ್ಟು ಹೊತ್ತು, ಮೊದಲ ಬೈಟ್‌ಗೆ ಎಷ್ಟು ಹೊತ್ತು ಎಂದು ನೋಡಿ. ಕನೆಕ್ಟ್ ಬೇಗ ಆಗಿ ಮೊದಲ ಬೈಟ್ ತಡವಾದರೆ ತೊಂದರೆ ನಿಮ್ಮ ಕೋಡ್‌ನಲ್ಲೋ ಇಂಡೆಕ್ಸ್ (ಬೇಗ ಹುಡುಕಲು ಬೇಕಾದ ಸೂಚಿ) ಇಲ್ಲದ ಡೇಟಾಬೇಸ್ ಟೇಬಲ್‌ನಲ್ಲೋ ಇದೆ. ಹರಾಜಿನ ಹೊತ್ತಲ್ಲಿ ಮಂಡಿಯ ಟವರ್ ತುಂಬಿ ಹೋಗಿದ್ದರೂ ಅಷ್ಟೇ, ರೀಜನ್ ಬದಲಿಸಿ ಪ್ರಯೋಜನವಿಲ್ಲ.

ಖರ್ಚು ಸ್ವಲ್ಪ ಏರುತ್ತದೆ. ಸರ್ವರ್‌ನಿಂದ ಹೊರಹೋಗುವ ಡೇಟಾದಲ್ಲಿ ತಿಂಗಳ ಮೊದಲ 100 ಜಿಬಿ ಉಚಿತ. ಆಮೇಲೆ ವರ್ಜೀನಿಯಾದಲ್ಲಿ ಜಿಬಿಗೆ 0.09 ಡಾಲರ್ ಇದ್ದರೆ ಮುಂಬೈಯಲ್ಲಿ 0.1093. ಬರೀ ದರಪಟ್ಟಿಗೆ ಇದು ದೊಡ್ಡ ಮೊತ್ತವಲ್ಲ.

ಬದಲಿಸುವಾಗ ಡೇಟಾಬೇಸ್ ಬಗ್ಗೆ ಹೆಚ್ಚು ಎಚ್ಚರವಿರಲಿ. ಆರ್‌ಡಿಎಸ್‌ನಲ್ಲಿ ಆಟೊಮ್ಯಾಟಿಕ್ ಬ್ಯಾಕಪ್ ಚಾಲೂ ಇದ್ದರೆ ಮುಂಬೈಯಲ್ಲಿ ರೀಡ್ ರೆಪ್ಲಿಕಾ (ತಾನೇ ಹೊಸದಾಗುತ್ತಿರುವ, ಓದಲು ಮಾತ್ರ ಬರುವ ಪ್ರತಿ) ಮಾಡಬಹುದು. ಡೇಟಾಬೇಸ್ ಎನ್‌ಕ್ರಿಪ್ಟ್ ಆಗಿದ್ದರೆ ಮುಂಬೈಯ ಕೆಎಂಎಸ್ ಕೀ (ಎಡಬ್ಲ್ಯೂಎಸ್ ಕಾಯುವ ಗೂಢಲಿಪಿ ಕೀಲಿ) ಕೊಡಬೇಕು. ಇದನ್ನು ಮರೆತು ಅಲ್ಲೇ ಸಿಕ್ಕಿಹಾಕಿಕೊಳ್ಳುವವರು ಬಹಳ. ಹಿಂದಿನ ದಿನವೇ ಡಿಎನ್‌ಎಸ್ (ಹೆಸರಿನಿಂದ ಸರ್ವರ್‌ನ ಐಪಿ ವಿಳಾಸ ಹೇಳುವ ವ್ಯವಸ್ಥೆ) ಟಿಟಿಎಲ್, ಅಂದರೆ ಹಳೆಯ ವಿಳಾಸ ನೆನಪಿಟ್ಟುಕೊಳ್ಳುವ ಅವಧಿ, 60 ಸೆಕೆಂಡ್‌ಗೆ ಇಳಿಸಿ. ಹರಾಜು ಮುಗಿದ ಮೇಲೆ ಆ್ಯಪ್‌ನಲ್ಲಿ ಬರೆಯುವ ಕೆಲಸ ನಿಲ್ಲಿಸಿ, ರೆಪ್ಲಿಕಾ ಲ್ಯಾಗ್ (ಪ್ರತಿ ಹಿಂದೆ ಬಿದ್ದಿರುವ ಹೊತ್ತು) ಸೊನ್ನೆಯಾದಾಗ ರೆಪ್ಲಿಕಾವನ್ನು ಪ್ರಮೋಟ್ ಮಾಡಿ, ಅಂದರೆ ಬರೆಯಲೂ ಬರುವ ಸ್ವತಂತ್ರ ಡೇಟಾಬೇಸ್ ಆಗಿಸಿ, ಆಮೇಲೆ ಡಿಎನ್‌ಎಸ್ ಮುಂಬೈಗೆ ತಿರುಗಿಸಿ. ಎಸ್3 ಬಕೆಟ್‌ನ (ಎಡಬ್ಲ್ಯೂಎಸ್‌ನಲ್ಲಿ ಫೈಲ್ ಇಡುವ ಜಾಗ) ರೀಜನ್ ಬದಲಿಸಲು ಬರುವುದಿಲ್ಲ, ಹೊಸದು ತೆರೆದು ಫೈಲ್ ನಕಲಿಸಿ. ಎಲಾಸ್ಟಿಕ್ ಐಪಿಯೂ (ಸರ್ವರ್‌ಗೆ ಕೊಟ್ಟ ಸ್ಥಿರ ವಿಳಾಸ) ಜೊತೆಗೆ ಬರುವುದಿಲ್ಲ. ಎಸ್‌ಎಂಎಸ್ ಗೇಟ್‌ವೇಯವರ ಬಳಿ ಹಳೆಯ ಐಪಿ ನೋಂದಾಯಿಸಿದ್ದರೆ ಹೊಸದನ್ನು ಮೊದಲೇ ಸೇರಿಸಿ, ಇಲ್ಲದಿದ್ದರೆ ಒಟಿಪಿ ನಿಂತು ಯಾರಿಗೂ ಲಾಗಿನ್ ಆಗದು. ಕ್ಲೌಡ್‌ಫ್ರಂಟ್ (ಬಳಕೆದಾರರ ಹತ್ತಿರದ ಸರ್ವರ್‌ಗಳಿಂದ ಮಾಹಿತಿ ಕೊಡುವ ಎಡಬ್ಲ್ಯೂಎಸ್ ಸೇವೆ) ಬಳಸುತ್ತಿದ್ದರೆ ಅದರ ಎಸಿಎಂ ಸರ್ಟಿಫಿಕೇಟ್ (ಟಿಎಲ್‌ಎಸ್‌ಗೆ ಬೇಕಾದ ಪ್ರಮಾಣಪತ್ರ) ವರ್ಜೀನಿಯಾದಲ್ಲೇ ಇರಬೇಕು, ಅದನ್ನು ಮಾತ್ರ ಅಳಿಸಬೇಡಿ. ಉಳಿದ ಹಳೆಯ ಡಿಸ್ಕ್, ಸ್ನ್ಯಾಪ್‌ಶಾಟ್, ಐಪಿಗಳನ್ನು ಒಂದು ವಾರ ನೋಡಿ ತೆಗೆಯಿರಿ.